ಸುಳ್ಳಿಗೆ ತಿರುಗದ ಹೆಗಲು

ಬೆಳಗಿನ ಐದೂಮುಕ್ಕಾಲು. ಹುಣಸೂರಿನ ಹದಿನಾಲ್ಕು ಹಾಸಿಗೆಯ ಸಣ್ಣ ಆಸ್ಪತ್ರೆಯೊಂದರ ಹಿತ್ತಲು. ಎದೆಯೆತ್ತರದ ಗೋಡೆಯ ಮೇಲೆ ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂತಿದ್ದಾನೆ. ಗೋಡೆಯ ಬುಡದಲ್ಲಿ ಇನ್ನೊಬ್ಬರು ಅವನಿಗೆ ಬೆನ್ನು ಕೊಟ್ಟು, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ. ಮೇಲಿನವನ ಎರಡು ಬರಿಗಾಲು ಕೆಳಗಿನವರ ಹೆಗಲ ಹಿಂಬದಿಗೆ ಆನಿಕೊಂಡಿವೆ. ಎಡಗಾಲಿನ ಮುಂಗಾಲು ಒತ್ತುತ್ತದೆ. ಕೆಳಗಿನವರು ತಟ್ಟನೆ ಬಲಕ್ಕೆ ತಿರುಗುತ್ತಾರೆ. ಆಮೇಲೆ ಬಲಗಾಲಿನ ಸರದಿ. ಕೆಳಗಿನವರು ಕಲ್ಲಿನ ಹಾಗೆ ಕೂತೇ ಇದ್ದಾರೆ.

"ಒತ್ತು."

"ಒತ್ತಿವ್ನಿ ಕಣ್ರೀ ಸಾಬ್ರೇ."

"ಎಲ್ಲಿ? ನೊಣ ಕೂತಂಗಾಯ್ತು. ಇನ್ನೊಂದು ಸಲ."

ಮತ್ತೆ ಒತ್ತುತ್ತಾನೆ. ಕತ್ತಿನ ನರ ಉಬ್ಬುತ್ತದೆ, ಹಣೆಯಲ್ಲಿ ಬೆವರು ಮೂಡುತ್ತದೆ. ಹೆಗಲು ತಿರುಗುವುದಿಲ್ಲ. "ಒಂದ್ ಕಿತ ತಿರುಗ್ರಿ ಸಾಬ್ರೇ, ನಿಮ್ ದಮ್ಮಯ್ಯ," ಎಂದು ಮೇಲಿನವನು ಅಂಗಲಾಚುತ್ತಾನೆ. ಕೆಳಗಿನವರು ಕಣ್ಣು ತೆರೆಯದೆ ತಲೆಯಾಡಿಸುತ್ತಾರೆ. ಗೋಡೆಯಾಚೆಯ ಹಾದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಸೈಕಲ್ಲಿನವನು ಬ್ರೇಕು ಹಾಕಿ ನೋಡಿ, "ಏನ್ ಸಾಬ್ರೇ, ಇನ್ನೂ ಆನೆ ಆಟವೇ?" ಎಂದು ನಕ್ಕು ಹೋಗುತ್ತಾನೆ.

ಆನೆ ಆಟ ಹೌದು. ಆದರೆ ಆಡುವ ಇಬ್ಬರಿಗೂ ನಗು ಬರುತ್ತಿಲ್ಲ. ಇದು 1974ರ ಮೇ ಇಪ್ಪತ್ತಮೂರು. ಜೂನ್ ಮೂರನೇ ತಾರೀಖು ಈ ಬಲಗಾಲು ನಿಜವಾದ ಆನೆಯೊಂದನ್ನು ತಿರುಗಿಸಬೇಕು. ಉಳಿದಿರುವುದು ಹನ್ನೊಂದು ದಿನ.

ಗೋಡೆಯ ಮೇಲಿರುವವನು ಹುಚ್ಚ, ವೀರನಹೊಸಹಳ್ಳಿಯ ಆಚೆ ಕಾಡಂಚಿನ ಹಾಡಿಯ ಜೇನುಕುರುಬ, ಹದಿನಾಲ್ಕು ವರ್ಷದಿಂದ ರಂಭೆ ಎಂಬ ಹೆಣ್ಣಾನೆಯ ಮಾವುತ. (ಅವನಿಗೆ ಮೊದಲ ದಿನ ಬನ್ನಿ, ಹೋಗಿ ಎಂದೆ. "ಅಂಗನ್ನಬ್ಯಾಡಿ ಸಾಮಿ, ಇಂದ್ಗಡೆ ಬ್ಯಾರೆ ಯಾರೋ ನಿಂತವ್ರೆ ಅನ್ನಿಸ್ತದೆ," ಎಂದ. ಅದಕ್ಕೇ ಈ ಏಕವಚನ.) ಸ್ಟೂಲಿನ ಮೇಲಿರುವವರು ಖದೀರ್ ಸಾಬ್. ವಯಸ್ಸು ಐವತ್ತೊಂದು. ಈ ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಪ್ಲಾಸ್ಟರ್ ಕಲಸಿಕೊಡುವುದು, ಕೂಡಿದ ಮೇಲೆ ಅದನ್ನು ಕತ್ತರಿಸಿ ತೆಗೆಯುವುದು ಅವರ ಕೆಲಸ. ಸಂಬಳ ಬರುವುದು ಅಷ್ಟಕ್ಕೇ. ಪ್ಲಾಸ್ಟರ್ ತೆಗೆದ ಮೇಲೆ ಆ ಕಾಲು ನಡೆಯಬೇಕಲ್ಲ, ಅದನ್ನು ಅವರ ಹುದ್ದೆಯ ಕಾಗದದಲ್ಲಿ ಯಾರೂ ಬರೆದಿಲ್ಲ. ಬರೆಯದ ಆ ಕೆಲಸವನ್ನು ಬೆಳಗಿನ ಐದೂವರೆಯಿಂದ ಏಳೂವರೆವರೆಗೆ ಹನ್ನೆರಡು ವರ್ಷದಿಂದ ಮಾಡುತ್ತಿದ್ದಾರೆ.

ನಾನು ಹುಣಸೂರಿಗೆ ಬಂದದ್ದು ಆನೆಗಳ ಬಗ್ಗೆ ಬರೆಯಲು. ಶಿಬಿರಕ್ಕೆ ಹೋದರೆ ಮರ ಎಳೆಯುವ ಆನೆಗಳಲ್ಲಿ ಒಂದು ಸುಮ್ಮನೆ ಕಟ್ಟಿಹಾಕಿಸಿಕೊಂಡು ಸೊಪ್ಪು ತಿನ್ನುತ್ತಿತ್ತು. "ಇದರ ಮಾವುತ ಎಲ್ಲಿ?" ಎಂದು ಕೇಳಿದೆ. "ಉಣಸೂರ್ ಆಸ್ಪತ್ರೇಲಿ ಸಾಬ್ರ ಮ್ಯಾಲೆ ಸವಾರಿ ಮಾಡ್ತಾವ್ನೆ," ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆನೆಯ ಮೇಲಿನ ಲೇಖನ ಅಲ್ಲಿಗೆ ಕೆಟ್ಟಿತು. ಸಂಪಾದಕರು ಮುನಿಸಿಕೊಂಡರೂ ಚಿಂತೆಯಿಲ್ಲ.

ಹುಚ್ಚನಿಗೆ ಏಟಾದದ್ದು ಕಳೆದ ಡಿಸೆಂಬರಿನಲ್ಲಿ, ಏಟೇ ಬೀಳದೆ. ಇಳಿಜಾರಿನಲ್ಲಿ ದಿಮ್ಮಿಯ ಸರಪಳಿ ಬಿಚ್ಚಿ ಪಕ್ಕಕ್ಕೆ ಹಾರುವಾಗ ಹಿಮ್ಮಡಿಯಲ್ಲಿ 'ಟಪ್' ಎಂದಿತು. ಹಿಂದಿನಿಂದ ಯಾರೋ ಕಲ್ಲಲ್ಲಿ ಹೊಡೆದಂತಾಗಿ ತಿರುಗಿ ನೋಡಿದರೆ ನಿಂತಿದ್ದವನು ಸೊಪ್ಪು ಹೊತ್ತ ಪುಟ್ಟ. ಪುಟ್ಟ ಅವನ ಬಾಮೈದ, ಆನೆಗೆ ಮೇವು ನೀರು ನೋಡಿಕೊಳ್ಳುವ ಕಾವಾಡಿ.

"ಯಾಕ್ಲಾ ಕಲ್ಲಲ್ಲಿ ಒಡ್ದೆ ಅಂತ ಅವನ ಕೆನ್ನೆಗೆ ಬುಟ್ಟೆ ಸಾಮಿ. ಪಾಪ, ಅವನು ಏನೂ ಮಾಡಿರ್ನಿಲ್ಲ. ಎಳ್ಡೆಜ್ಜೆ ಇಟ್ರೆ ಪಾದ ಚಪ್ಪಟೆ ಬೀಳ್ತದೆ, ಮ್ಯಾಕೇ ಏಳಾಕಿಲ್ಲ. ನೋವೂ ಅಷ್ಟಿಲ್ಲ. ಉಳುಕದೆ ಅಂತ ಸೊಪ್ ಕಟ್ಕಂಡು ಒಂಬತ್ ದಿನ ಕೂತೆ."

ಹಿಮ್ಮಡಿಯನ್ನು ಮೀನಖಂಡಕ್ಕೆ ಬಿಗಿಯುವ ದಪ್ಪ ಹುರಿ ತುಂಡಾಗಿತ್ತು. "ಜನ ಅದನ್ನ ನರ ಅಂತಾರೆ. ನರ ಅಲ್ಲ ಸಾರ್, ಹಗ್ಗ," ಎನ್ನುತ್ತಾರೆ ಖದೀರ್. "ಗಾಡಿ ನೊಗಕ್ಕೆ ಹಗ್ಗ ಹರಿದ್ರೆ ಎತ್ತು ಎಷ್ಟು ಎಳೆದ್ರೇನು, ಗಾಡಿ ಹೋಗತ್ತಾ?" ಮೈಸೂರಿನಲ್ಲಿ ಡಾಕ್ಟರು ಹೊಲಿದರು. ಪಾದದ ತುದಿ ಕೆಳಗೆ ಚಾಚಿದ ಹಾಗೇ ಎಂಟು ವಾರ ಪ್ಲಾಸ್ಟರ್ ಹಾಕಿದರು. ಮಾರ್ಚ್ ಮೊದಲ ವಾರ ಅದನ್ನು ಕತ್ತರಿಸಿ ತೆಗೆದವರು ಖದೀರ್. ಒಳಗಿಂದ ಬಂದ ಮೀನಖಂಡ ಒಣಗಿದ ಹೀರೇಕಾಯಿಯಂತಿತ್ತು. ದರ್ಜಿಯ ಟೇಪಿನಲ್ಲಿ ಅಳೆದರೆ ಎಡಗಾಲು ಹದಿಮೂರು ಅಂಗುಲ, ಬಲಗಾಲು ಹತ್ತೂಮುಕ್ಕಾಲು.

ಇದು ಸಾಮಾನ್ಯ ಕೂಲಿಯ ಕಾಲಾಗಿದ್ದರೆ ಕುಂಟುತ್ತಲೋ ತೆವಳುತ್ತಲೋ ಬದುಕು ಸಾಗುತ್ತಿತ್ತು. ಮಾವುತನಿಗೆ ಕಾಲೇ ನಾಲಿಗೆ. ಆನೆಯ ಕತ್ತಿನ ಮೇಲೆ ಕೂತು, ಬಲಗಿವಿಯ ಹಿಂದೆ ಬಲಗಾಲಿನ ಬೆರಳು ಒತ್ತಿದರೆ ಅದು ಎಡಕ್ಕೆ ತಿರುಗುತ್ತದೆ. ಎಡಗಿವಿಯ ಹಿಂದೆ ಒತ್ತಿದರೆ ಬಲಕ್ಕೆ. ಒತ್ತುವ ಆ ಬಲವೆಲ್ಲ ಬರುವುದು ಹಿಮ್ಮಡಿಯ ಹುರಿಯಿಂದಲೇ. ಹಾಗಾಗಿ ಈಗ ಹುಚ್ಚನ ಆನೆಗೆ ಬಲಕ್ಕೆ ತಿರುಗುವ ಮಾತು ಕೇಳಿಸುತ್ತದೆ, ಎಡಕ್ಕೆ ತಿರುಗುವ ಮಾತು ಕೇಳಿಸುವುದಿಲ್ಲ. 'ಆನೆ ನಡೆದದ್ದೇ ದಾರಿ' ಎಂಬ ಗಾದೆ ಕೂತಲ್ಲಿ ಹೇಳಲು ಚೆಂದ. ಆನೆಯ ಹಿಂದೆ ಒಂದು ಟನ್ನಿನ ದಿಮ್ಮಿ, ಎಡಕ್ಕೆ ಹಳ್ಳ ಬಳಸುವ ಹಾದಿ, ಕೆಳಗೆ ಕೂಲಿಯಾಳುಗಳು ಇದ್ದಾಗ ಯಾರೂ ಆ ಗಾದೆ ಹೇಳುವುದಿಲ್ಲ.

ರೇಂಜರು ಕೆಟ್ಟವರಲ್ಲ. ಐದು ತಿಂಗಳು ಕಾದಿದ್ದಾರೆ. ಆದರೆ ಮಳೆ ಹಿಡಿಯುವ ಮೊದಲು ಇಳಿಜಾರಿನ ದಿಮ್ಮಿಗಳು ಡಿಪೋ ಸೇರಬೇಕು. ಜೂನ್ ಮೂರರ ಪರೀಕ್ಷೆಯಲ್ಲಿ ಹುಚ್ಚ ಗೆಲ್ಲದಿದ್ದರೆ ರಂಭೆಯನ್ನು ಲಾರಿ ಹತ್ತಿಸಿ ದೂರದ ಇನ್ನೊಂದು ಶಿಬಿರಕ್ಕೆ, ಇನ್ನೊಬ್ಬ ಮಾವುತನ ಕೈಗೆ ಕಳಿಸುತ್ತಾರೆ. ಹುಚ್ಚನಿಗೆ ಕಾವಲಿನ ಕೆಲಸ ಕೊಡುತ್ತಾರಂತೆ.

"ಕಾವಲು ಕಾಯದು ತಪ್ಪಲ್ಲ ಸಾಮಿ," ಎನ್ನುತ್ತಾನೆ ಹುಚ್ಚ. "ಆದ್ರೆ ಅವಳು ಬ್ಯಾರೇರ ಕೈಲಿ ಅನ್ನ ಉಣ್ಣಾಕಿಲ್ಲ. ನಾನು ಆಸ್ಪತ್ರೇಲಿದ್ದಾಗ ನಾಕ್ ದಿನ ಮುದ್ದೆ ಮುಟ್ನಿಲ್ವಂತೆ. ಪುಟ್ಟ ನನ್ ಅಂಗಿ ಆಕ್ಕಂಡು ಓದ್ಮೇಲೆ ತಿಂದ್ಲು."

ಖದೀರ್ ಸಾಬರ ಅಪ್ಪ ಕುದುರೆ ಜೀನು ಹೊಲಿಯುತ್ತಿದ್ದವರು. ಜಟಕಾ ಕಡಿಮೆಯಾದಂತೆ ಕೆಲಸವೂ ಕಡಿಮೆಯಾಗಿ ಮಗ ಆಸ್ಪತ್ರೆಯ ಕೆಲಸಕ್ಕೆ ಸೇರಿದರು. ಮೊದಲ ಮೂರು ವರ್ಷ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಪೇಷಂಟುಗಳನ್ನು ಗಾಲಿಕುರ್ಚಿಯಲ್ಲಿ ವ್ಯಾಯಾಮದ ಕೋಣೆಗೆ ತಳ್ಳಿಕೊಂಡು ಹೋಗುವುದು, ಮುಗಿಯುವವರೆಗೆ ಬಾಗಿಲಲ್ಲಿ ನಿಲ್ಲುವುದು. ನಿಂತವರು ಸುಮ್ಮನೆ ನಿಲ್ಲಲಿಲ್ಲ, ನೋಡಿ ಕಲಿತರು. ಅಲ್ಲಿ ಕಬ್ಬಿಣದ ಸ್ಪ್ರಿಂಗು, ಗಾಲಿ, ಮರದ ಮೆಟ್ಟಿಲು ಎಲ್ಲ ಇದ್ದವು. ಹುಣಸೂರಿನಲ್ಲಿ ಏನೂ ಇಲ್ಲ. ಸ್ಪ್ರಿಂಗಿನ ಬದಲು ಸೈಕಲ್ ಅಂಗಡಿಯ ಹಳೇ ಟ್ಯೂಬು ಬಂತು. ತೂಕಕ್ಕೆ ಮರಳು ತುಂಬಿದ ಚೀಲ. ಮೆಟ್ಟಿಲಿಗೆ ಹಿತ್ತಲ ಬಾಗಿಲ ಕಲ್ಲು. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ಈ ಹಿತ್ತಲನ್ನು ಒಮ್ಮೆ ನೋಡಬೇಕು.

ದಿನದ ಲೆಕ್ಕ ಹೀಗಿದೆ. ಮುಂಗಾಲಿಗೆ ಟ್ಯೂಬು ಸಿಕ್ಕಿಸಿ ಕೆಳಗೆ ಚಾಚುವುದು ಅರವತ್ತು ಸಲ. ಕೂತು, ಮಂಡಿಯ ಮೇಲೆ ಮರಳುಚೀಲ ಹೇರಿಕೊಂಡು ಹಿಮ್ಮಡಿ ಎತ್ತುವುದು ನಲವತ್ತೈದು. ಗೋಡೆ ಹಿಡಿದು ಎರಡೂ ಕಾಲಲ್ಲಿ ತುದಿಗಾಲ ಮೇಲೆ ಏಳುವುದು ಐವತ್ತು. ಎರಡರಲ್ಲಿ ಎದ್ದು ಬಲಗಾಲೊಂದರಲ್ಲೇ ಮೆಲ್ಲಗೆ ಇಳಿಯುವುದು ಮೂವತ್ತು. ಕೊನೆಯದು ಬಲಗಾಲೊಂದರಲ್ಲೇ ಏಳುವುದು. ಎಡಗಾಲಲ್ಲಿ ಹುಚ್ಚ ಇಪ್ಪತ್ತೈದು ಸಲ ಏಳುತ್ತಾನೆ. ಬಲಗಾಲಿನದು ಮಾರ್ಚಿನಲ್ಲಿ ಸೊನ್ನೆ, ಏಪ್ರಿಲ್ ಕೊನೆಗೆ ಎರಡು, ಇವತ್ತು ಹನ್ನೊಂದು. ಇಪ್ಪತ್ತು ಮುಟ್ಟದೆ ಆನೆ ಹತ್ತುವಂತಿಲ್ಲ ಎಂಬುದು ಡಾಕ್ಟರ ಮಾತು. ಖದೀರ್ ಹಾಕಿದ ಗೆರೆಯೂ ಅದೇ.

ಇಪ್ಪತ್ತು ಇಷ್ಟು ಹೊತ್ತಿಗೆ ಆಗಿಯೇ ಹೋಗಬೇಕಿತ್ತು. ಮೂರು ವಾರ ಹಾಳಾಯಿತು. ಅದರ ಕಥೆ ಕೇಳಿದರೆ ಖದೀರ್ ಮುಖ ಮುಚ್ಚಿಕೊಳ್ಳುತ್ತಾರೆ, ಹುಚ್ಚ ನೆಲ ನೋಡುತ್ತಾನೆ.

ಹೊಲಿದ ಹುರಿಯನ್ನು ಒಮ್ಮೆಗೇ ಎಳೆಯಬಾರದು. ಅದಕ್ಕೆ ಹಿಮ್ಮಡಿ ಕೆಲವು ವಾರ ಎತ್ತರದಲ್ಲೇ ಇರಬೇಕು. ಜೀನುಗಾರನ ಮಗ ಖದೀರ್ ಇದಕ್ಕೊಂದು ಚಪ್ಪಲಿ ಹೊಲಿದರು. ಹಿಮ್ಮಡಿಗೆ ಆರು ಪದರ ಚರ್ಮ. ವಾರಕ್ಕೊಂದು ಪದರ ಕಿತ್ತರೆ ಆರು ವಾರಕ್ಕೆ ಪಾದ ನೆಲ ಮುಟ್ಟುತ್ತದೆ. ನಾನು ಆ ಚಪ್ಪಲಿ ನೋಡಿದೆ. ಇವರಪ್ಪ ರಾಜರ ಕುದುರೆಗೆ ಹೊಲಿದದ್ದಕ್ಕಿಂತ ಒಳ್ಳೆಯ ಹೊಲಿಗೆ ಇದು ಎಂದು ಖದೀರರ ಹೆಂಡತಿ ಶರೀಫುನ್ನೀಸಾ ಹೇಳುತ್ತಾರೆ. ಹುಚ್ಚ ವಾರದ ದಿನಗಳಲ್ಲಿ ಅವರ ಮನೆ ಪಕ್ಕದ ಹಳೇ ಜೀನಿನ ಕೊಟ್ಟಿಗೆಯಲ್ಲೇ ಮಲಗುತ್ತಾನೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹಾಡಿಗೆ ಹೋಗಿ ಸೋಮವಾರ ಬರುತ್ತಾನೆ. ವಾರವಿಡೀ ಚಪ್ಪಲಿ ಕಾಲಲ್ಲೇ. ಆದರೂ ಪ್ರತಿ ಸೋಮವಾರ ಹಿಮ್ಮಡಿ ಬಾತುಕೊಂಡು ಬರುತ್ತಿತ್ತು. ಶುಕ್ರವಾರ ಇಳಿಯುವುದು, ಸೋಮವಾರ ಮತ್ತೆ ಊತ.

"ಮೂರನೇ ಸೋಮವಾರ ನಾನು ಜೋರು ಮಾಡ್ದೆ ಸಾರ್. ಚಪ್ಲಿ ಹಾಕ್ಕೊಂಡಿದ್ದಾ ಇಲ್ವಾ ಹೇಳು ಅಂದೆ. ಹಾಕ್ಕೊಂಡಿದ್ದೆ ಅಂತಾನೆ. ಸುಳ್ಳು ಹೇಳೋ ಮುಖ ಅಲ್ಲ ಅದು. ಎಲ್ಲೀವರೆಗೆ ಹಾಕ್ಕೊಂಡಿದ್ದೆ ಅಂದೆ. ಆವಾಗ ಬಂತು ಈಚೆಗೆ."

"ದ್ಯಾವ್ರ ಕಲ್ಲಿನ ತಂಕ ಆಕ್ಕಂಡಿದ್ದೆ," ಎನ್ನುತ್ತಾನೆ ಹುಚ್ಚ. "ಅಲ್ಲಿಂದಾಚ್ಗೆ ಕಾಡು. ಚರ್ಮ ಮೆಟ್ಕಂಡು ಒಳಕ್ಕೋಗದು ಉಂಟಾ? ಆನೆ ಮುಂದ್ಕೆ ಚಪ್ಲೀಲಿ ನಿಂತ್ಕಳದು ಉಂಟಾ? ಕಲ್ಲಿನ ತಾವ ಬುಟ್ಬುಟ್ಟು ಓಯ್ತಿದ್ದೆ, ಬರೋವಾಗ ಮೆಟ್ಕತಿದ್ದೆ. ಇದ ಯೋಳ್ಬೇಕು ಅಂತ ನಂಗೆ ಗ್ಯಾನನೇ ಬರ್ನಿಲ್ಲ."

ಅಂದರೆ ಪ್ರತಿ ವಾರ ಒಂದೂವರೆ ದಿನ, ಏರು ತಗ್ಗಿನ ಕಾಡಿನಲ್ಲಿ, ಬರಿಗಾಲಲ್ಲಿ, ಎಳೆಯ ಹುರಿಯನ್ನು ಪೂರಾ ಜಗ್ಗಿಕೊಂಡು ಅವನು ರಂಭೆಯನ್ನು ನೋಡಲು ಹೋಗಿದ್ದಾನೆ. ಕೇಳಿ ನನ್ನ ಹಿಮ್ಮಡಿಯೇ ಜುಮ್ಮೆಂದಿತು. ತಪ್ಪು ಯಾರದು? ಹುಚ್ಚನಿಗೆ ಅದು ಹೇಳುವಂಥ ವಿಷಯವೇ ಅಲ್ಲ. ದೇವಸ್ಥಾನಕ್ಕೆ ಹೋದವನು ಚಪ್ಪಲಿ ಹೊರಗಿಟ್ಟೆ ಎಂದು ಮನೆಗೆ ಬಂದು ವರದಿ ಮಾಡುತ್ತಾನೆಯೇ? ಖದೀರ್ ಮಾತ್ರ ತಪ್ಪು ತಮ್ಮದೇ ಎನ್ನುತ್ತಾರೆ. "ನಾನು ಮಸೀದಿ ಬಾಗ್ಲಲ್ಲಿ ದಿನಾ ಐದು ಸಲ ಚಪ್ಲಿ ಬಿಡೋನು ಸಾರ್. ನಂಗೆ ಹೊಳೀಬೇಡ್ವಾ? ಚರ್ಮದ ಮಗ, ಚರ್ಮದಲ್ಲೇ ಯೋಚ್ನೆ ಮಾಡ್ದೆ."

ಅವತ್ತೇ ಅವರು ಹಳೇ ಕಂಬಳಿಯೊಂದನ್ನು ಕತ್ತರಿಸಿ, ಮಡಿಸಿ ಮಡಿಸಿ ಹಿಮ್ಮಡಿಯ ಅಡಿಗೆ ಬಟ್ಟೆಯಲ್ಲಿ ಕಟ್ಟಿದರು. ಕಂಬಳಿ ದೇವರ ಕಲ್ಲು ದಾಟಬಹುದೇ ಎಂದು ಹಾಡಿಯ ಹಿರಿಯರನ್ನು ಕೇಳಿಕೊಂಡು ಬಾ ಎಂದು ಹುಚ್ಚನನ್ನು ಕಳಿಸಿದರು. ಕಂಬಳಿಗೆ ಅಡ್ಡಿಯಿಲ್ಲ ಎಂಬ ಉತ್ತರ ಬಂದ ಮೇಲೆ ಆರು ಮಡಿಕೆಯಿಂದ ಮತ್ತೆ ಲೆಕ್ಕ ಶುರು. ಆ ಮೂರು ವಾರದ ಋಣವೇ ಈಗ ಇಬ್ಬರ ಕತ್ತಿನ ಮೇಲೆ ಕೂತಿರುವುದು.

ಹಾಗಿದ್ದರೆ ಸ್ವಲ್ಪ ಜೋರಾಗಿ ಮಾಡಿಸಿ ಮುಗಿಸಬಾರದೇ ಎಂದು ನಾನು ಕೇಳಿದೆ. ಪೇಟೆಯವನ ಪ್ರಶ್ನೆ. ಖದೀರ್ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಅಲ್ಲಿ ಗೋಣಿಚೀಲ ಹಾಸಿಕೊಂಡು ಕೊಡೆ, ಟಾರ್ಚು ರಿಪೇರಿ ಮಾಡುವ ಜೋಗಯ್ಯ ಕೂತಿದ್ದಾರೆ. ಮೊದಲು ತಂಬಾಕಿನ ಬೇಲು ಹೊರುತ್ತಿದ್ದವರು. ನಾಲ್ಕು ವರ್ಷದ ಹಿಂದೆ ಇದೇ ಹುರಿ, ಇದೇ ಗೋಡೆ. ಹನ್ನೊಂದನೇ ವಾರ ಜೋಗಯ್ಯ ಕೈಮುಗಿದು, ಸುಗ್ಗಿ ಹೋಗುತ್ತದೆ, ಕಳಿಸಿಕೊಡಿ ಎಂದರು. ಖದೀರ್ ಮರುಗಿದರು, ಸಾಕು ಹೋಗು ಎಂದರು. ಹಿತ್ತಲಿಂದ ಬಾಗಿಲವರೆಗೆ ಜೋಗಯ್ಯ ನಡೆದಾಗ ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರಂತೆ. ಮರುದಿನ ಬೇಲು ಹೊತ್ತು ಲಾರಿಯ ಹಲಗೆ ಹತ್ತುವಾಗ ಹೊಲಿದ ಜಾಗದಲ್ಲೇ ಮತ್ತೆ 'ಟಪ್'. ಎರಡನೆಯ ಸಲ ಅದು ಸರಿಯಾಗಿ ಕೂಡಲೇ ಇಲ್ಲ.

"ಸಾಬ್ರು ದಿನಾ ಬಂದು ಮಾತಾಡ್ಸ್ಕಂಡೇ ಓಗದು," ಎಂದು ಜೋಗಯ್ಯ ನಗುತ್ತಾರೆ. "ಕೊಡೆ ಚೆನ್ನಾಗಿದ್ರೂ ರಿಪೇರಿ ಮಾಡು ಅಂತ ತತ್ತಾರೆ. ನಂಗೇನೂ ಸಿಟ್ಟಿಲ್ಲ ಕಣ್ರೀ. ನಾನೇ ಅಲ್ವಾ ಕೈಮುಗ್ದಿದ್ದು."

ಹಿಂದಿರುಗುವಾಗ ಖದೀರ್ ಹೇಳಿದ್ದು ಒಂದೇ ಮಾತು. "ಬೈದಿದ್ರೆ ನಿದ್ದೆ ಬರೋದು ಸಾರ್."

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಕನಿಕರದವನಿಗೂ ಮಟ್ಟವೇ ಎಂದು ನನಗೆ ಅವತ್ತು ತಿಳಿಯಿತು. ಆನೆ ಆಟ ಹುಟ್ಟಿದ್ದೂ ಅಲ್ಲಿಂದಲೇ. ಎಣಿಕೆಯಲ್ಲಿ ಮೋಸವಾಗಬಹುದು, ಅರ್ಧ ಎದ್ದದ್ದನ್ನು ಪೂರ್ತಿ ಎಂದು ಕಣ್ಣು ಒಪ್ಪಿಬಿಡಬಹುದು. ಆದ್ದರಿಂದ ಖದೀರ್ ಕಣ್ಣು ಮುಚ್ಚಿ ಹೆಗಲು ಕೊಟ್ಟು ಕೂರುತ್ತಾರೆ. ಮಂಡಿಯಿಂದ ತಳ್ಳಿ ಮೋಸ ಮಾಡದ ಹಾಗೆ ಹುಚ್ಚನ ಎರಡೂ ಮಂಡಿಗೆ ಬಟ್ಟೆ ಸುತ್ತಿ ಗೋಡೆಯ ಕೊಂಡಿಗೆ ಕಟ್ಟಿದ್ದಾರೆ. ಪಾದ ಮಾತ್ರ ಆಡಬೇಕು. ಹೆಗಲಿಗೆ ಗೊತ್ತಾದರೆ ತಿರುಗುವುದು, ಇಲ್ಲವಾದರೆ ಇಲ್ಲ. "ಕಾಲಿಗೆ ಸುಳ್ಳು ಹೇಳಬಾರದು ಸಾರ್. ಜೋಗಯ್ಯನ ಕಾಲಿಗೆ ನಾನು ಸುಳ್ಳು ಹೇಳ್ದೆ."

ಇನ್ನೊಬ್ಬರ ಕಾಲು ಹೆಗಲ ಮೇಲಿಟ್ಟುಕೊಳ್ಳುವುದಕ್ಕೆ ಊರು ಆಡಿಕೊಳ್ಳದೆ ಬಿಡುತ್ತದೆಯೇ? ಅವರ ನೆಂಟರಲ್ಲೇ ಒಬ್ಬರು ಮದುವೆ ಊಟದಲ್ಲಿ ಪಕ್ಕದಿಂದ ಎದ್ದು ಹೋದರಂತೆ. ಹುಚ್ಚನೂ ಮೊದಲ ವಾರ ಕಾಲು ಇಡಲು ಒಪ್ಪದೆ ಅತ್ತುಬಿಟ್ಟಿದ್ದ. ಖದೀರ್ ಇದನ್ನೆಲ್ಲ ಹೆಚ್ಚು ಎಳೆಯುವುದಿಲ್ಲ. "ಕಾಲು ತೊಳ್ಕೊಂಡೇ ಬರ್ತಾನೆ," ಎಂದು ಮಾತು ಮುಗಿಸುತ್ತಾರೆ.

ದಿನಗಳು ಒಂದೊಂದೇ ಕಳಚುತ್ತವೆ. ಮೇ ಇಪ್ಪತ್ತೈದಕ್ಕೆ ಹದಿಮೂರು. ಇಪ್ಪತ್ತೆಂಟಕ್ಕೆ ಹದಿನೈದು. ಇಪ್ಪತ್ತೊಂಬತ್ತರ ಬೆಳಿಗ್ಗೆ ಎಂಟನೆಯದಕ್ಕೇ ಹುಚ್ಚ "ಅಯ್ಯೋ" ಎಂದು ಕೂತುಬಿಟ್ಟ. ಖದೀರ್ ಅವನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿ ನೋಡಿದರು. ಹುರಿ ಗಟ್ಟಿಯಿದ್ದರೆ ಹಿಂಡಿದಾಗ ಪಾದ ತಾನಾಗಿ ಚಾಚುತ್ತದೆ. ಪಾದ ಚಾಚಿತು. ಅವರು ಅಲ್ಲೇ ನೆಲದ ಮೇಲೆ ಕೂತರು. ಬರೀ ಸೆಡೆತ. ಆದರೂ ಎರಡು ದಿನ ವಿಶ್ರಾಂತಿ ಎಂದರು. ಇರುವುದೇ ಐದು ದಿನ, ಅದರಲ್ಲಿ ಎರಡು ಹೋಯಿತು! ಹುಚ್ಚ ಗೋಡೆಗೆ ತಲೆ ಚಚ್ಚಿಕೊಂಡ. "ಅವಳನ್ನ ಲಾರಿ ಅತ್ತುಸ್ತಾರೆ ಸಾಬ್ರೇ!"

"ಹತ್ತಿಸ್ಲಿ," ಎಂದರು ಖದೀರ್. "ಜೋಗಯ್ಯನ ಪಕ್ಕ ನಿಂಗೊಂದು ಗೋಣಿಚೀಲ ಹಾಸಾಕಿಲ್ಲ ನಾನು."

ಜೂನ್ ಎರಡು, ಭಾನುವಾರ. ಈ ವಾರ ಹುಚ್ಚ ಹಾಡಿಗೆ ಹೋಗಿಲ್ಲ. ಬಲಗಾಲಲ್ಲಿ ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇಪ್ಪತ್ತನೆಯದಕ್ಕೆ ಇಡೀ ಮೈ ನಡುಗುತ್ತದೆ, ಹಿಮ್ಮಡಿ ಮೇಲೇಳುತ್ತದೆ. ನಾನು ಕೂಗಿಯೇಬಿಟ್ಟೆ. ಖದೀರ್ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಸುಸ್ತಾದ ಕಾಲು ಒತ್ತಿತು. ಹೆಗಲು ಅಲುಗಿತು, ತಿರುಗಲಿಲ್ಲ. ಹುಚ್ಚ ಈ ಸಲ ಅಂಗಲಾಚಲಿಲ್ಲ. ಗೋಡೆಯಿಂದ ಇಳಿದು ಕೊಟ್ಟಿಗೆಗೆ ನಡೆದ. ಇಪ್ಪತ್ತಾಗಿದೆ, ಆದ್ದರಿಂದ ಪರೀಕ್ಷೆಗೆ ಬಿಡಬಹುದು. ಹೆಗಲು ಮಾತ್ರ ಇನ್ನೂ ಹೂಂ ಎಂದಿಲ್ಲ. ಬಿಸಿತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಖದೀರ್ ಆ ರಾತ್ರಿ ಊಟ ಬಿಟ್ಟರಂತೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ವೀರನಹೊಸಹಳ್ಳಿಯಲ್ಲಿ ಇಳಿದೆವು. ದಾರಿಯಲ್ಲಿ ಒಂದು ಸತ್ಯ ಹೊರಬಿತ್ತು. ಮೂರು ತಿಂಗಳಿಂದ ಆನೆಯಾಗಿರುವ ಖದೀರ್ ಸಾಬರಿಗೆ ಆನೆಯೆಂದರೆ ಜೀವಭಯ. ಹತ್ತಿರದಿಂದ ನೋಡಿದವರೇ ಅಲ್ಲ. ದೇವರ ಕಲ್ಲಿನ ಬಳಿ ಹುಚ್ಚನಿಗಿಂತ ಮೊದಲು ಅವರೇ ಚಪ್ಪಲಿ ಬಿಟ್ಟರು. ನಾನೂ ನನ್ನ ಪೇಟೆಯ ಬೂಟು ಕಳಚಿದೆ. ಶಿಬಿರದಲ್ಲಿ ರಂಭೆ ಕಂಡದ್ದೇ ಖದೀರ್ ನನ್ನ ತೋಳು ಹಿಡಿದರು. ಬಿಡಿಸಿಕೊಳ್ಳಲು ನಾನೂ ಯತ್ನಿಸಲಿಲ್ಲ, ನನಗೂ ಅದೇ ಬೇಕಿತ್ತು.

ರೇಂಜರು, ಪುಟ್ಟ, ಹತ್ತಾರು ಕೂಲಿಯವರು, ಇತರ ಮಾವುತರು ಸಾಲಾಗಿ ನಿಂತಿದ್ದಾರೆ. ರಂಭೆ ಹುಚ್ಚನ ತಲೆ, ಎದೆ, ಕೊನೆಗೆ ಬಲಗಾಲನ್ನು ಸೊಂಡಿಲಿನಿಂದ ಮೂಸುತ್ತದೆ. ಅವನು ಅದರ ಕಿವಿಯಲ್ಲಿ ಏನೋ ಹೇಳುತ್ತಾನೆ. ಅದು ಮುಂಗಾಲು ಮಡಿಸಿ ಎತ್ತಿ ಕೊಡುತ್ತದೆ. ಹುಚ್ಚ ಬಲಗಾಲನ್ನು ನೆಲಕ್ಕೆ ಒತ್ತಿ ಚಿಮ್ಮಬೇಕು. ಖದೀರರ ಬೆರಳು ನನ್ನ ತೋಳಿಗೆ ನಾಟುತ್ತವೆ. ಚಿಮ್ಮುತ್ತಾನೆ. 'ಟಪ್' ಎಂಬ ಸದ್ದಿಗಾಗಿ ನಾವಿಬ್ಬರೂ ಕಾಯುತ್ತೇವೆ. ಸದ್ದಿಲ್ಲ. ಹುಚ್ಚ ಕತ್ತಿನ ಮೇಲಿದ್ದಾನೆ.

ದಿಮ್ಮಿಗೆ ಸರಪಳಿ ಬೀಳುತ್ತದೆ. ಬಾಯಿಮಾತು ಕೂಡದು, ಕಾಲಿನಲ್ಲೇ ನಡೆಸಬೇಕು ಎಂಬುದು ರೇಂಜರ ಷರತ್ತು. ಇಳಿಜಾರಿನಲ್ಲಿ ಮೊದಲ ತಿರುವು ಬಲಕ್ಕೆ, ರಂಭೆ ಸಲೀಸಾಗಿ ತಿರುಗುತ್ತದೆ. ಮುಂದಿನದು ಎಡಕ್ಕೆ, ನೇರ ಹೋದರೆ ಹಳ್ಳ. ಹತ್ತು ಮಾರು. ಆರು ಮಾರು. ಹುಚ್ಚನ ಬಲಪಾದ ಕಿವಿಯ ಹಿಂದೆ ಮರೆಯಾಗಿದೆ, ಒತ್ತಿದನೋ ಇಲ್ಲವೋ ಕಾಣುವುದಿಲ್ಲ. ರಂಭೆ ನೇರ ಹೋಗುತ್ತಲೇ ಇದೆ. ಮೂರು ಮಾರು. ಯಾರೋ "ಏಯ್!" ಎಂದು ಕೂಗುತ್ತಾರೆ. ಆಗ ಆ ದೊಡ್ಡ ತಲೆ ಮೆಲ್ಲನೆ, ಬೇಸರವಿಲ್ಲದೆ, ಎಡಕ್ಕೆ ತಿರುಗುತ್ತದೆ. ದಿಮ್ಮಿ ಅದರ ಹಿಂದೆ ಹಳ್ಳದ ಅಂಚು ಸವರಿಕೊಂಡು ಬಳಸುತ್ತದೆ.

ಕೇಕೆ, ಶಿಳ್ಳೆ. ಪುಟ್ಟ ಕುಣಿಯುತ್ತಾನೆ. "ರಂಭೆ ಇಲ್ಲೇ ಇರಲಿ," ಎಂದು ರೇಂಜರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಖದೀರ್ ಒಬ್ಬರನ್ನು ಬಿಟ್ಟು.

"ಯಾಕೆ ಸಾಬರೇ?"

"ಜೋಗಯ್ಯಂಗೂ ಹಿಂಗೇ ತಟ್ಟಿದ್ರು ಸಾರ್." ಅವರ ದನಿ ಮೇಲೇಳುವುದಿಲ್ಲ. "ಅದು ಹದ್ನಾಲ್ಕು ವರ್ಷದಿಂದ ಅವನ ಜೊತೆ ಇರೋದು. ಇವನು ಒತ್ತಿ ತಿರುಗ್ತೋ, ಪಾಪ ಅಂತ ತಿರುಗ್ತೋ? ಪ್ರೀತಿ ಇದ್ದೋರು ಸುಳ್ಳು ತಿರುಗಿಬಿಡ್ತಾರೆ. ನಾಳೆ ಮಳೇಲಿ, ನಿಜವಾದ ಕೆಲಸದಲ್ಲಿ, ಕೆಳಗೆ ಆಳುಗಳಿರ್ತಾರೆ."

ಹುಚ್ಚ ಇಳಿದು ನಗುತ್ತಾ ಓಡಿಬರುತ್ತಾನೆ. ಖದೀರ್ ಅವನ ಮೀನಖಂಡ ಮುಟ್ಟಿ ನೋಡಿ, ಪಕ್ಕದಲ್ಲಿ ಪೇರಿಸಿದ್ದ ದಿಮ್ಮಿಗಳತ್ತ ಕೈ ತೋರಿಸುತ್ತಾರೆ. "ಹತ್ತಿ ಕೂತ್ಕೋ."

"ಈಗ್ಲಾ? ಎಲ್ರೂ ಅವ್ರಲ್ಲಾ ಸಾಬ್ರೇ."

"ಕೂತ್ಕೋ ಕಣೋ."

ರೇಂಜರು, ಮಾವುತರು, ಕೂಲಿಯವರು, ಹಿಂದೆ ಸೊಪ್ಪು ಮೆಲ್ಲುತ್ತಿರುವ ರಂಭೆ ಎಲ್ಲರೂ ನೋಡುತ್ತಿರುವಾಗಲೇ ಖದೀರ್ ಸಾಬ್ ದಿಮ್ಮಿಯ ಬುಡದ ಮರದ ತುಂಡಿನ ಮೇಲೆ ಕೂತು ಕಣ್ಣು ಮುಚ್ಚುತ್ತಾರೆ. ಹುಚ್ಚನ ಮಂಡಿಗೆ ತಮ್ಮ ಟವಲ್ಲನ್ನೇ ಕಟ್ಟಿದ್ದಾರೆ. ಬಲಪಾದ ಹೆಗಲಿಗೆ ಆನುತ್ತದೆ. ಹುಚ್ಚ ಒಮ್ಮೆ ರಂಭೆಯತ್ತ ನೋಡುತ್ತಾನೆ, ಹಲ್ಲು ಕಚ್ಚಿ ಒತ್ತುತ್ತಾನೆ.

ಖದೀರ್ ಬರೀ ಎಡಕ್ಕೆ ತಿರುಗಲಿಲ್ಲ. ತಿರುಗಿ, ಮರದ ತುಂಡಿನಿಂದ ಜಾರಿ, ಕೆಂಪು ಮಣ್ಣಿನಲ್ಲಿ ಮಗುಚಿ ಬಿದ್ದರು. ಎತ್ತಲು ನಾನು ಓಡಿದೆ. ಬಿದ್ದಲ್ಲೇ ನಗುತ್ತಿದ್ದರು. ಹನ್ನೊಂದು ದಿನದಲ್ಲಿ ನಾನು ನೋಡಿದ ಅವರ ಮೊದಲ ನಗು ಅದು.

ಈಗ ಗುರುವಾರ. ಹಿತ್ತಲ ಸ್ಟೂಲಿನ ಮೇಲೆ ಖದೀರ್ ಇನ್ಯಾರದೋ ಮೊಣಕೈಗೆ ಸೈಕಲ್ ಟ್ಯೂಬು ಕಟ್ಟುತ್ತಿದ್ದಾರೆ. ವೀರನಹೊಸಹಳ್ಳಿಯ ಕಡೆ ನಿನ್ನೆ ಮೊದಲ ಮಳೆ ಬಿದ್ದಿದೆ, ರಂಭೆ ಕೆಲಸಕ್ಕೆ ಹತ್ತಿದೆ ಎಂದು ಪುಟ್ಟ ಹೇಳಿಕಳಿಸಿದ್ದಾನೆ. ಹುಚ್ಚ ಇನ್ನೂ ಮೂರು ತಿಂಗಳು ವಾರಕ್ಕೊಮ್ಮೆ ಬರಲೇಬೇಕಂತೆ, ಖದೀರರ ಅಪ್ಪಣೆ. ಏನಾದರೂ ಆಸೆ ಇದೆಯೇ ಎಂದು ಪತ್ರಿಕೆಯವರ ಮಾಮೂಲು ಪ್ರಶ್ನೆ ಕೇಳಿದೆ. ಅವರು ಬನಿಯನ್ನಿನ ಕತ್ತನ್ನು ಜಗ್ಗಿ ಬಲ ಹೆಗಲ ಹಿಂಬದಿ ತೋರಿಸಿದರು. ಕಾಲಿನ ಹೆಬ್ಬೆರಳಿನ ಗಾತ್ರದ ಕಪ್ಪು ಕಲೆ, ಅಂಚು ಹಳದಿಗೆ ತಿರುಗಿದೆ.

"ಶರೀಫಾ ಎಣ್ಣೆ ಬಿಸಿ ಮಾಡ್ಕೊಂಡು ಬಂದ್ಲು ಸಾರ್, ತಿಕ್ತೀನಿ, ಬೇಗ ಹೋಗತ್ತೆ ಅಂತ," ಎಂದರು ಖದೀರ್. "ಬ್ಯಾಡ ಬುಡು, ಇನ್ನೂ ನಾಕ್ ದಿನ ಇರ್ಲಿ ಅಂದೆ."